ಕೆಂಚಿಯ ಮೇವು, ನಾನು ಬಿಟ್ಟ ಸಾಲು

ಬಾರದ ಭಾಷೆಯಿಂದ ಮನುಷ್ಯನಿಗೆ ಅಷ್ಟು ಕೇಡಿಲ್ಲ. ಬಾರದು ಎಂದು ಅವನಿಗೆ ಗೊತ್ತಿರುತ್ತದೆ. ನಾಲ್ಕು ಜನರನ್ನು ಕೇಳುತ್ತಾನೆ, ಕೈಸನ್ನೆ ಮಾಡುತ್ತಾನೆ, ಹೇಗೋ ಕೆಲಸ ಸಾಗಿಸುತ್ತಾನೆ. ಕೇಡಿರುವುದು ಮುಕ್ಕಾಲು ಪಾಲು ಬರುವ ಭಾಷೆಯಿಂದ. ಉಳಿದ ಕಾಲು ಪಾಲನ್ನು ಯಾರನ್ನೂ ಕೇಳದೆ ತನ್ನ ತಲೆಯಿಂದಲೇ ತುಂಬಿಕೊಳ್ಳುತ್ತಾನಲ್ಲ, ಅಲ್ಲಿದೆ ಗ್ರಹಚಾರ. ಇದನ್ನು ನಾನು ಯಾವ ಗುರುವಿನಿಂದಲೂ ಕಲಿಯಲಿಲ್ಲ, ಒಂದು ಆಕಳಿನಿಂದ ಕಲಿತೆ. ಆಕಳಿನ ಹೆಸರು ಕೆಂಚಿ. ಅದನ್ನು ಸಾಕಿದವಳು ನಮ್ಮ ಓಣಿಯ ಮಲ್ಲಮ್ಮ. ಇಬ್ಬರಿಗೂ ಅನ್ಯಾಯ ಮಾಡಿದವನು ನಾನು. ಮಾಡಿದ್ದು ಸದುದ್ದೇಶದಿಂದ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಈಗ ವಯಸ್ಸಾಗಿದೆ, ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಆಗ ನಮ್ಮದು ನಿಜಾಮರ ಸೀಮೆ. ನಾನು ಮಕ್ತಲದ ತಹಶೀಲ ಕಚೇರಿಯಲ್ಲಿ ಅಹಲ್ಕಾರ, ಅಂದರೆ ಗುಮಾಸ್ತ. ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು, ಕಚೇರಿಯ ಕಾಗದವೆಲ್ಲ ಉರ್ದು. ಹಣೆಗೆ ವಿಭೂತಿ ಹಚ್ಚಿ, ಮೈಮೇಲೆ ಶೇರ್ವಾನಿ ತೊಟ್ಟು, ತಲೆಗೆ ಕೆಂಪು ರೂಮಿ ಟೋಪಿ ಏರಿಸಿ ನಾನು ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕೂತವರು ಕಾಲು ಮಡಚಿಕೊಳ್ಳುತ್ತಿದ್ದರು. ನನಗೆ ಉರ್ದು ಕಲಿಸಿದವರು ಗೌಸ್ ಸಾಹೇಬರು ಎಂಬ ಮೇಷ್ಟ್ರು. ಅವರು ನೌಕರಿಯಿಂದ ಬಿಡುಗಡೆಯಾಗಿ ತಮ್ಮ ಊರಾದ ಗದ್ವಾಲಕ್ಕೆ ಹೋದ ಮೇಲೆ ಮಕ್ತಲದಲ್ಲಿ ಉರ್ದು ಬಲ್ಲವರ ಸಾಲಿನಲ್ಲಿ ಮುಂದಿನವನು ನಾನೇ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಈ ಜಂಬ ಮನೆಯೊಳಗೂ ಬಂದಿತ್ತು. ಒಮ್ಮೆ ನಾರಾಯಣಪೇಟೆಯಿಂದ ನಮ್ಮ ಮಾವನವರು ಹೆಗಲ ಮೇಲೆ ಶೇಂಗಾದ ಗಂಟು ಹೊತ್ತು ಬಂದರು. ನಾನು ಎದ್ದು ನಿಂತು, ಕಚೇರಿಯ ಮರ್ಯಾದೆಯಿಂದ, ತಶರೀಫ್ ಇಡಿರಿ ಎಂದೆ. ಅವರು ಗಂಟನ್ನು ಕೆಳಗಿಟ್ಟರು. ನಾನು ಮತ್ತೆ ಅದನ್ನೇ ಅಂದೆ. ಅವರು ರುಮಾಲನ್ನೂ ತೆಗೆದಿಟ್ಟರು. ಮೂರನೆಯ ಸಲ ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ನೀಲಮ್ಮ ಒಳಗಿನಿಂದ ಬಂದು, ಕುಂದರು ಅನ್ನಾಕತ್ಯಾರಪ್ಪಾ, ಕುಂದರು ಎಂದು ತಂದೆಯನ್ನು ಉಳಿಸಿದಳು. ನನ್ನ ಉರ್ದುವಿನ ಬಗ್ಗೆ ಅವಳಿಗೆ ಅಂದಿನಿಂದಲೇ ಒಂದು ಅಭಿಪ್ರಾಯವಿತ್ತು.

ಮಲ್ಲಮ್ಮನಿಗೆ ಮಾತ್ರ ಬೇರೆ ಅಭಿಪ್ರಾಯವಿತ್ತು. ನಮ್ಮ ಮನೆಯಿಂದ ಎರಡು ಮನೆ ಆಚೆ ಅವಳ ಮನೆ. ಗಂಡ ಮಗ್ಗದ ಮುಂದೆ ಕೂತರೆ ಏಳುವವನಲ್ಲ. ಹೊಲ, ಹಿತ್ತಲು, ದನ ಎಲ್ಲವೂ ಅವಳದೇ. ಕೆ.ಟಿ. ದೊಡ್ಡಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟ ಮಗಳಿಂದ ಬರುವ ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ. ಓದುವಾಗ ಅವಳು ಕಾಗದವನ್ನು ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮಗಳು ಬಸುರಿ ಎಂಬ ಸುದ್ದಿಯೂ ನನ್ನ ಬಾಯಿಂದಲೇ ಬಂದದ್ದು. ಅದು ನಿಜವಾದ ಮೇಲಂತೂ ನನ್ನ ಬಾಯಿಂದ ಸುಳ್ಳು ಬರುವುದು ಸಾಧ್ಯವೇ ಇಲ್ಲ ಎಂದು ಅವಳು ನಂಬಿಬಿಟ್ಟಳು.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಕಚೇರಿಗೆ ಒಂದು ಹಸ್ತಪತ್ರಿಕೆ ಬಂತು. ಉರ್ದುವಿನಲ್ಲಿತ್ತು. ಒಂದೇ ಹಾಳೆ, ಎರಡೂ ಬದಿಗೆ ಅಚ್ಚಾಗಿತ್ತು. ಬೇಸಿಗೆಯಲ್ಲಿ ದನಗಳಿಗೆ ಹಸಿರು ಮೇವು ಸಿಗುವುದಿಲ್ಲವಲ್ಲ, ಅದಕ್ಕೊಂದು ಉಪಾಯ ಅದರಲ್ಲಿತ್ತು. ತೆನೆಯಲ್ಲಿ ಹಾಲು ತುಂಬಿದಾಗಲೇ ಹಸಿ ಜೋಳವನ್ನು ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ಹಾಸು ಹಾಸಾಗಿ ತುಂಬಿ, ಗಾಳಿ ಉಳಿಯದಂತೆ ತುಳಿದು, ಮೇಲೆ ಮಣ್ಣು ಮೆತ್ತಿ ಮುಚ್ಚಬೇಕು. ಎರಡು ಮೂರು ತಿಂಗಳ ಮೇಲೆ ತೆರೆದರೆ ಮೇವು ಹುಳಿಯಾಗಿ, ಕೆಡದೆ, ಹಸಿಯಾಗಿಯೇ ಇರುತ್ತದೆ. ನೆಲದೊಳಗೆ ಜೋಳ ಇಡುವ ಹಗೇವು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇದು ಮೇವಿನ ಹಗೇವು, ಅಷ್ಟೇ. ಇದನ್ನು ಕನ್ನಡದಲ್ಲಿ ಬರೆದು ಊರೂರ ಚಾವಡಿಯಲ್ಲಿ ಓದಿಸಬೇಕೆಂದು ತಹಶೀಲ್ದಾರರು ನನಗೆ ಒಪ್ಪಿಸಿದರು. ನಾನು ಹಿಗ್ಗಿದೆ. ಹಾಳೆಯ ಮೊದಲ ಬದಿ ಮುಗಿಯುವವರೆಗೂ ನನ್ನ ಲೇಖನಿ ಎಲ್ಲಿಯೂ ನಿಲ್ಲಲಿಲ್ಲ. ಕಡೆಯ ಸಾಲಿನಲ್ಲಿ ನಿಂತಿತು. ಈ ಮೇವಿನಲ್ಲಿ ‘ಲಹಮಿಯಾತ್’ ಕಡಿಮೆ. ಆದಕಾರಣ ಹಾಲು ಕೊಡುವ ದನಕ್ಕೆ ಇದರ ಜೊತೆಗೆ ಲಹಮಿಯಾತ್ ಕೊಡುವುದು ಲಾಜ್ಮಿ, ಅಂದರೆ ಕಡ್ಡಾಯ. ಎಷ್ಟು ಕೊಡಬೇಕೆಂಬ ಪಟ್ಟಿ ಹಿಂಬದಿಯಲ್ಲಿದೆ ಎಂದಿತ್ತು.

ಮಾಂಸಕ್ಕೆ ಉರ್ದುವಿನಲ್ಲಿ ಗೋಶ್ತ್ ಎನ್ನುವುದು ಮಕ್ತಲದ ಸಂತೆಗೆ ಹೋದವರಿಗೆಲ್ಲ ಗೊತ್ತು. ಆದರೆ ಲಹಮ್ ಎಂದರೂ ಮಾಂಸವೇ; ಅದು ಅರಬ್ಬಿಯಿಂದ ಬಂದ ಪಂಡಿತರ ಪದ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ, ಕೆಂಚಿ ಪಾರಾಗುತ್ತಿದ್ದಳು. ಸರಕಾರ ಆಕಳಿಗೆ ಮಾಂಸ ತಿನ್ನಿಸಲು ಹೇಳುತ್ತಿದೆ ಎಂದುಕೊಂಡೆ. ಕೈ ತಾನಾಗಿ ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ಹೋಯಿತು. ಎಷ್ಟೆಷ್ಟು ಮಾಂಸ ಎಂಬ ಪಟ್ಟಿಯನ್ನು ಕಣ್ಣಿನಿಂದ ನೋಡುವುದೂ ಪಾಪವೆಂದು ನಾನು ಹಾಳೆಯನ್ನು ತಿರುವಲೇ ಇಲ್ಲ. ತಹಶೀಲ್ದಾರರನ್ನು ಕೇಳಬಹುದಿತ್ತು, ಇಷ್ಟು ಉರ್ದು ಬಾರದೇ ಎಂದಾರು ಎಂಬ ಅಂಜಿಕೆ. ಗದ್ವಾಲಕ್ಕೆ ಬರೆದು ಗೌಸ್ ಸಾಹೇಬರನ್ನು ಕೇಳಬಹುದಿತ್ತು. ಆದರೆ ಆಕಳು, ಮಾಂಸ ಎಂಬ ಎರಡು ಮಾತನ್ನು ಒಂದೇ ಕಾಗದದಲ್ಲಿ ಬರೆದು ಅವರಂಥ ಮುಸಲ್ಮಾನ ಹಿರಿಯರಿಗೆ ಕಳಿಸಿದರೆ ಏನೆಂದುಕೊಂಡಾರು ಎಂಬ ಸಂಕೋಚ. ಕೊನೆಗೆ ಧರ್ಮವನ್ನು ಕಾಪಾಡುವ ಹೊಣೆ ನನ್ನೊಬ್ಬನ ಮೇಲೇ ಬಿದ್ದಿದೆ ಎಂದುಕೊಂಡು ಆ ಸಾಲನ್ನು ಬಿಟ್ಟೆ. ಬಿಟ್ಟು ಸುಮ್ಮನಿದ್ದರೂ ಆಗುತ್ತಿತ್ತು. ಕಾಗದ ಅರ್ಧಕ್ಕೆ ನಿಂತಂತೆ ಕಾಣುತ್ತದೆಂದು ಆ ಜಾಗದಲ್ಲಿ ನನ್ನದೇ ಒಂದು ವಾಕ್ಯ ಸೇರಿಸಿದೆ: ‘ಈ ಮೇವು ಒಂದಿದ್ದರೆ ಸಾಕು, ದನಕ್ಕೆ ಬೇರೇನೂ ಬೇಕಿಲ್ಲ.’ ವಾಕ್ಯ ನನಗೆ ಬಹಳ ಹಿಡಿಸಿತು.

ನಮ್ಮ ಊರ ಚಾವಡಿಯಲ್ಲಿ ನಾನೇ ಓದಿದೆ. ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕೇಳಿದರು. ಗೋಡೆಯ ಮಗ್ಗುಲಲ್ಲಿ ಸೆರಗು ಹೊದ್ದು ನಿಂತಿದ್ದ ಮಲ್ಲಮ್ಮ ಮಾತ್ರ ಕಡೆಗೆ ಒಂದು ಪ್ರಶ್ನೆ ಕೇಳಿದಳು.

“ಬಸಣ್ಣಾರ, ಹಿಂಡಿ ಹಾಕೂದು ಬ್ಯಾಡೇನ್ರಿ ಹಂಗಾರ?”

ನಾನು ಕಾಗದದ ಕಡೆ ನೋಡಿದೆ. ಅಲ್ಲಿ ನನ್ನ ಅಕ್ಷರದಲ್ಲಿ ನನ್ನ ವಾಕ್ಯವೇ ಇತ್ತು. “ಬ್ಯಾಡ ಮಲ್ಲಮ್ಮಾ, ಇದ ಸಾಕು” ಎಂದೆ.

ದಸರೆಯ ಹೊತ್ತಿಗೆ ಅವಳ ಹಿತ್ತಲಲ್ಲಿ ಹಗೇವು ಸಿದ್ಧವಾಯಿತು. ಜೋಳ ಕತ್ತರಿಸಿ ತುಂಬಿದ ದಿನ ನಾನೇ ಶೇರ್ವಾನಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಗುಂಡಿಗೆ ಇಳಿದು ತುಳಿದೆ. ಗಾಳಿ ಉಳಿಯಬಾರದು, ಗಾಳಿ ಉಳಿಯಬಾರದು ಎಂದು ಮೇಲಿದ್ದವರಿಗೆಲ್ಲ ಉಪದೇಶ ಮಾಡಿದೆ. ದೀಪಾವಳಿ ಕಳೆದು ಕೆಂಚಿ ಈದಳು. ಅದರ ಬೆನ್ನಿಗೇ ಹೆರಿಗೆಗೆ ಬಂದಿದ್ದ ಮಗಳೂ ಹಡೆದಳು, ಹೆಣ್ಣುಮಗು. ಬಾಣಂತಿಗೆ ಎದೆಹಾಲು ಸಾಲದೆ ಕೂಸಿಗೆ ಕೆಂಚಿಯ ಹಾಲೇ ಗತಿಯಾಯಿತು. ಆಗಿನ್ನೂ ಜೋಳದ ಒಣ ದಂಟಿನ ಕಣಿಕೆ, ಹಿಂಡಿ ತಿನ್ನುತ್ತಿದ್ದ ಕೆಂಚಿ ಕೂಸಿಗೂ ಕೊಟ್ಟು, ಕರುವಿಗೂ ಬಿಟ್ಟು, ನಮ್ಮ ಮನೆಯ ಚಹಾಕ್ಕೂ ಹಾಲು ಮಿಗಿಸುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಹಗೇವು ತೆರೆದರು. ಹುಳಿ ಅಂಬಲಿಯಂಥ ವಾಸನೆ ಓಣಿಯ ತುಂಬ ಹರಡಿತು. ಕೆಂಚಿ ಮೊದಲ ದಿನ ಮೂಸಿ ಹಿಂದೆ ಸರಿದಳು. ಮೂರನೆಯ ದಿನಕ್ಕೆ ಮೇವಿನ ಬುಟ್ಟಿಯೊಳಗೆ ಮುಖ ಹುದುಗಿಸಿ ತಿಂದಳು. ಮಲ್ಲಮ್ಮ ಅಂದಿನಿಂದ ಹಿಂಡಿ ನೆನೆಹಾಕುವುದನ್ನು ನಿಲ್ಲಿಸಿದಳು. ನಾನು ದಿನಾ ಕಚೇರಿಗೆ ಹೋಗುವಾಗ ಆ ಹಿತ್ತಲಲ್ಲಿ ಒಮ್ಮೆ ಇಣುಕಿ, ಆಕಳು ಮೇಯುವುದನ್ನು ನೋಡಿ, ಇದೆಲ್ಲ ನನ್ನದೇ ಕೆಲಸ ಎಂಬಂತೆ ತಲೆಯಾಡಿಸಿ ಹೋಗುತ್ತಿದ್ದೆ.

ತಿಂಗಳಾಗುವಷ್ಟರಲ್ಲಿ ನಮ್ಮ ಮನೆಯ ಚಹಾ ಕಪ್ಪಾಯಿತು. ಇದೇನು ಕಷಾಯ ಎಂದು ನಾನು ಮುಖ ಸಿಂಡರಿಸಿದೆ. ಮಲ್ಲಮ್ಮನ ಮನೆಯಿಂದ ಹಾಲು ಬರುವುದು ನಿಂತಿದೆ ಎಂದಳು ನೀಲಮ್ಮ. ಮೊಮ್ಮಗಳು ಬಂದ ಮೇಲೆ ನೆರೆಯವರನ್ನು ಮರೆತಳು ನೋಡು ಎಂದು ನಾನು ಆಡಿಕೊಂಡೆ. ನೀಲಮ್ಮ ಸೆರಗು ಸಿಕ್ಕಿಸಿಕೊಂಡು ಆ ಹಿತ್ತಲಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. ಕೆಂಚಿಯ ಹಾಲು ಅರ್ಧಕ್ಕಿಂತ ಇಳಿದಿದೆಯಂತೆ. ಕೂಸಿಗೆ ತೆಗೆದರೆ ಕರುವಿಗಿಲ್ಲ, ಕರುವಿಗೆ ಬಿಟ್ಟರೆ ಕೂಸಿಗಿಲ್ಲ. ಮಲ್ಲಮ್ಮ ದೃಷ್ಟಿ ತೆಗೆಸಿದ್ದಾಳೆ, ಕೊರಳಿಗೆ ಕರಿ ದಾರ ಕಟ್ಟಿಸಿದ್ದಾಳೆ. ನೀಲಮ್ಮ ಆಕಳ ಬೆನ್ನ ಮೇಲೆ ಕೈಯಾಡಿಸಿ ನೋಡಿದಳಂತೆ. ರೋಮ ನಿಮಿರಿ ಒರಟಾಗಿದೆ, ತೊಡೆಯ ಮಾಂಸ ಕರಗಿದೆ.

“ಹೊಟ್ಟಿ ತುಂಬೇತಿ, ಆದರ ಆಕಿ ಹಸದಾಳ” ಎಂದಳು. ಆಮೇಲೆ, “ಆ ಕಾಗದದಾಗ ಇದ್ದದ್ದೆಲ್ಲ ಬರದೀರೇನ್ರಿ?” ಎಂದು ಕೇಳಿದಳು.

ನಾನು ಸಿಟ್ಟಿಗೆದ್ದೆ. ಕಚೇರಿಯ ವಿಷಯ ಹೆಂಗಸರಿಗೇಕೆ ಎಂದೆ. ಮನುಷ್ಯ ಸುಮ್ಮಸುಮ್ಮನೆ ಸಿಟ್ಟಿಗೇಳುವುದು ಯಾವಾಗ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಮರುದಿನ ಮುಂಜಾನೆ ಎದ್ದು, ಮಲ್ಲಮ್ಮನ ಅಂಗಳದಲ್ಲಿ ಕೂಸು ಅಳುವುದನ್ನು ಕೇಳುತ್ತ ಕಪ್ಪು ಚಹಾ ಕುಡಿಯುವುದು ನನ್ನಿಂದ ಆಗಲಿಲ್ಲ. ಗದ್ವಾಲದಲ್ಲಿ ಒಂದು ಸ್ವಂತ ಕೆಲಸವಿದೆ ಎಂದು ಕಚೇರಿಗೆ ರಜೆ ಹೇಳಿಕಳಿಸಿ, ಹಸ್ತಪತ್ರಿಕೆಯನ್ನು ಶೇರ್ವಾನಿಯ ಕಿಸೆಯಲ್ಲಿ ಮಡಿಚಿಟ್ಟುಕೊಂಡು ಹೊರಟೆ. ಕೃಷ್ಣೆಯ ದಂಡೆಯವರೆಗೆ ಬಂಡಿ, ಅಲ್ಲಿಂದ ಹರಿಗೋಲು, ಆಚೆ ದಡದಿಂದ ಮತ್ತೆ ಬಂಡಿ. ಹರಿಗೋಲು ನೀರಿನಲ್ಲಿ ಬುಗುರಿಯಂತೆ ತಿರುಗುತ್ತದೆ. ಅದರಲ್ಲಿ ಕೂತವನಿಗೆ ಒಮ್ಮೆ ಹೋಗುವ ದಡ ಎದುರಿಗೆ ಬರುತ್ತದೆ, ಒಮ್ಮೆ ಬಿಟ್ಟ ದಡ. ಬಿಟ್ಟ ದಡ ಎದುರಾದಾಗಲೆಲ್ಲ ತಿರುಗಿ ಹೋಗಿಬಿಡೋಣ ಎನಿಸುತ್ತಿತ್ತು.

ಗೌಸ್ ಸಾಹೇಬರು ಪಡಸಾಲೆಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದರು. ನನ್ನನ್ನು ನೋಡಿ ಬಹಳ ಸಂತೋಷಪಟ್ಟರು. ಅವರಿಗೆ ಮೈ ಅಷ್ಟು ನೆಟ್ಟಗಿರಲಿಲ್ಲ, ಆದರೂ ಎದ್ದು ತಾವೇ ಚಾಪೆ ಹಾಸಿದರು. ಕುಶಲವೆಲ್ಲ ಮುಗಿದ ಮೇಲೆ ನಾನು ಕಾಗದ ತೆಗೆದು ಆ ಸಾಲಿನ ಕೆಳಗೆ ಬೆರಳಿಟ್ಟೆ. ಅವರು ಓದಿದರು. ಹಾಳೆಯನ್ನು ತಿರುವಿ ಹಿಂಬದಿಯನ್ನೂ ಓದಿದರು. ಇದರಲ್ಲಿ ತೊಡಕೇನಿದೆ ಎಂದು ಕೇಳಿದರು. ನಾನು ತಲೆ ತಗ್ಗಿಸಿಯೇ ಎಲ್ಲವನ್ನೂ ಹೇಳಿದೆ: ಲಹಮ್ ಎಂದರೆ ಮಾಂಸವಲ್ಲವೇ, ಆಕಳಿಗೆ ಮಾಂಸವೇ ಎಂದು ಬಿಟ್ಟೆ, ಬಿಟ್ಟ ಜಾಗದಲ್ಲಿ ಇಂಥ ಮಾತು ಬರೆದೆ, ಈಗ ಒಂದು ಆಕಳು ಸೊರಗಿದೆ, ಒಂದು ಕೂಸು ಅಳುತ್ತಿದೆ.

ಅವರು ನಗಬಹುದೆಂದು ಕಾದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

“ಲಹಮ್ ಅಂದರ ಮಾಂಸನಽ, ಖರೆ ಐತಿ. ಆದರ ಲಹಮಿಯಾತ್ ಅಂದರ ಮೈಯಾಗ ಮಾಂಸ ಕಟ್ಟೂ ಸತ್ವ, ಬೇಟಾ. ತೊಗರಿಬ್ಯಾಳ್ಯಾಗ ಐತಿ, ಕಡ್ಲ್ಯಾಗ ಐತಿ, ಶೇಂಗಾದ ಹಿಂಡ್ಯಾಗ ಐತಿ. ನೀ ದಿನಾ ಎರಡು ಹೊತ್ತು ಅದನ್ನ ಉಣ್ಣಾಕತ್ತಿ.”

ಇವತ್ತಿನವರು ಪ್ರೋಟೀನ್ ಎಂದು ಹೇಳುವುದು ಅದನ್ನೇ. ಜೋಳದ ಮೇವಿನಲ್ಲಿ ಅದು ಮೊದಲೇ ಕಡಿಮೆ. ಹುಳಿ ಹಾಕಿಟ್ಟ ಮಾತ್ರಕ್ಕೆ ಹೆಚ್ಚಾಗುವುದಿಲ್ಲ. ಹೊಟ್ಟೆ ತುಂಬುತ್ತದೆ, ಹಾಲು ಕಟ್ಟಲು ಸಾಮಾನಿರುವುದಿಲ್ಲ. ಆಕಳು ತನ್ನ ಮೈಯನ್ನೇ ಕರಗಿಸಿ ಕೊಡುವಷ್ಟು ಕೊಟ್ಟು ಸೋಲುತ್ತದೆ. ನೀಲಮ್ಮ ಕೈಯಾಡಿಸಿ ನೋಡಿ ಹೇಳಿದ್ದನ್ನು ಗೌಸ್ ಸಾಹೇಬರು ಕಾಗದ ನೋಡಿ ಹೇಳಿದರು. ಹಿಂಬದಿಯ ಪಟ್ಟಿಯನ್ನು ಬಿಡಿಸಿ ನನ್ನ ಮುಂದೆ ಇಟ್ಟರು. ಶೇಂಗಾ ಹಿಂಡಿ, ಕುಸುಬಿ ಹಿಂಡಿ, ತೊಗರಿ ಹೊಟ್ಟು, ಹುರುಳಿ. ಹಾಲಿನ ಅಳತೆಗೆ ತಕ್ಕಂತೆ ಒಂದೊಂದರ ಅಳತೆ. ನನಗೆ ಓದಲು ಬಾರದ ಪದ ಅದರಲ್ಲಿ ಒಂದೂ ಇರಲಿಲ್ಲ. ತಿರುವಿದ್ದರೆ ಸಾಕಾಗಿತ್ತು.

“ಅವತ್ತ ನನ್ನ ಕೇಳಬೇಕಿತ್ತಲ್ಲಪಾ” ಎಂದರು ಸಾಹೇಬರು.

“ನಿಮ್ಮ ಮನಸಿಗೆ ನೋವಾದೀತು ಅಂತ ಕೇಳಲಿಲ್ಲರಿ, ಉಸ್ತಾದರ.”

“ಕೇಳಿದ್ದರ ನಗತಿದ್ದೆ ಬಸಣ್ಣ. ಕೇಳಲಿಲ್ಲಲ್ಲ, ಈಗ ನೋವಾತು.”

ನಾನು ಅವರ ಕಾಲು ಮುಟ್ಟಿದೆ. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಕೋಲು ಹಿಡಿದು ಎದ್ದು, ನಡಿ ಎಂದು ಗಾಣದ ಮನೆಗೆ ಕರೆದುಕೊಂಡು ಹೋದರು. ಹಿಂಡಿಯ ಚೂರನ್ನು ಮುರಿದು, ಮೂಸಿ, ಹಳೆಯದನ್ನು ತೆಗೆದಿಡಿಸಿ, ಹೊಸದನ್ನು ಗಂಟು ಕಟ್ಟಿಸಿದರು. ಆ ಗಂಟನ್ನು ತಲೆಯ ಮೇಲೆ ಹೊರಬೇಕೆಂದರೆ ರೂಮಿ ಟೋಪಿ ಅಡ್ಡ ಬಂತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ಆ ರಾತ್ರಿ ಅಲ್ಲಿಯೇ ಉಳಿದು, ಮರುದಿನ ತಿರುಗಿ ಬರುವಾಗ ದಾರಿಯುದ್ದಕ್ಕೂ ಮಲ್ಲಮ್ಮನಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಅಚ್ಚಿನಲ್ಲಿ ತಪ್ಪಿತ್ತು ಎನ್ನಬಹುದು. ಸರಕಾರದಿಂದ ಹೊಸ ಕಾಗದ ಬಂದಿದೆ ಎನ್ನಬಹುದು. ಎರಡನೆಯದೇ ಚೆಂದ ಎನಿಸಿತು; ಅದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಲ್ಲಮ್ಮ ಕೊಟ್ಟಿಗೆಯ ಮುಂದೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ನೀಲಮ್ಮನೂ ಅಲ್ಲಿಯೇ ಇದ್ದಳು. ಟೋಪಿಯಿಲ್ಲದ ನನ್ನ ತಲೆಯನ್ನೂ ಗಂಟನ್ನೂ ನೋಡಿದಳು. ನಾನು ಗಂಟು ಇಳಿಸಿದೆ. ಮಲ್ಲಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಕಾಗದ ಓದಿಸುವಾಗ ನೋಡುತ್ತಿದ್ದಂತೆ. ಜೋಡಿಸಿಕೊಂಡು ಬಂದದ್ದೆಲ್ಲ ಅಲ್ಲಿಗೆ ಚದುರಿಹೋಯಿತು. ಕಾಗದದಲ್ಲಿ ಹಿಂಡಿ ಹಾಕಬೇಕೆಂದೇ ಇತ್ತು, ನನಗೆ ಅರ್ಥವಾಗಲಿಲ್ಲ, ಬ್ಯಾಡ ಎಂದು ನಾನೇ ಬರೆದೆ ಎಂದು ಹೇಳಿದೆ.

ಅವಳು ಕೂಸನ್ನು ನೀಲಮ್ಮನ ಕೈಗೆ ಕೊಟ್ಟು, ಗಂಟು ಬಿಚ್ಚಿ, ಒಂದು ಹಿಡಿ ಹಿಂಡಿಯನ್ನು ಮಂಕರಿಯಲ್ಲಿ ಪುಡಿ ಮಾಡಿ ಕೆಂಚಿಯ ಮುಂದಿಟ್ಟಳು. ಕೆಂಚಿ ಮಂಕರಿಯ ತಳವನ್ನೂ ನೆಕ್ಕಿದಳು.

“ನಮ್ಮವ್ವ ಹಿಂಡಿ ಹಾಕತಿದ್ಲರಿ, ನಾನೂ ಹಾಕತಿದ್ದೆ” ಎಂದಳು ಮಲ್ಲಮ್ಮ, ನನ್ನ ಕಡೆ ತಿರುಗದೆ. “ಹಾಲು ಇಳದಾಗ ಒಂದೆರಡು ಸಲ ಕೈ ಹಿಂಡಿ ಡಬ್ಬಿಗೆ ಹೋಗಿತ್ತು. ಓದಿದವರು ಬ್ಯಾಡ ಅಂದಾರ, ಅಂತ ಹಿಂದಕ ತಗೊಂಡೆ.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲಿನದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಶ್ಚಾತ್ತಾಪವಾದ ಮನುಷ್ಯನ ಕೈಗೆ ಹಿಂಡಿಯ ಗಂಟು ಕೊಡಬಾರದು. ಮಲ್ಲಮ್ಮ ಹೊಲಕ್ಕೆ ಹೋದಾಗ ನಾನು ಗುಟ್ಟಾಗಿ ಹಿತ್ತಲಿಗೆ ಹೋಗಿ ಕೆಂಚಿಗೆ ನೆನೆಸಿದ ಹಿಂಡಿ ಹಾಕತೊಡಗಿದೆ. ಅವಳು ಕೊಟ್ಟದ್ದರ ಮೇಲೆ ನನ್ನದು ಬೇರೆ. ತಿಂಗಳ ಬಾಕಿಯನ್ನು ವಾರದಲ್ಲಿ ತೀರಿಸುವ ಹುರುಪು. ಪಟ್ಟಿಯಲ್ಲಿ ಅಳತೆ ಇದ್ದದ್ದು ಯಾಕೆಂದು ಐದನೆಯ ದಿನ ತಿಳಿಯಿತು. ಕೆಂಚಿಯ ಸಗಣಿ ನೀರಾಯಿತು. ಮೇವು ಬಿಟ್ಟು ತಲೆ ಜೋಲಿಸಿ ನಿಂತಳು. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು. ಮಲ್ಲಮ್ಮ ಹೊಲದಿಂದ ಬಂದವಳು ಕೊಟ್ಟಿಗೆಯ ನೆಲ ನೋಡಿದಳು, ನನ್ನ ಕೈಯ ಹಿಂಡಿ ನೋಡಿದಳು, ಒಂದು ಪೊರಕೆ ತಂದು ನನ್ನ ಮುಂದೆ ಇಟ್ಟಳು. ಆ ದಿನ ತಹಶೀಲ ಕಚೇರಿಯ ಅಹಲ್ಕಾರನು ಕೊಟ್ಟಿಗೆ ತೊಳೆದದ್ದನ್ನು ಓಣಿಯವರೆಲ್ಲ ನೋಡಿದರು. ನೀಲಮ್ಮ ನೀರು ತಂದು ತಂದು ಸುರಿದಳು. ಅವಳು ನಗು ತಡೆದುಕೊಳ್ಳುತ್ತಿದ್ದಳೆಂದು ನನಗೆ ಅನುಮಾನ.

ಎರಡು ದಿನ ಬರೀ ಒಣ ಕಣಿಕೆ ಹಾಕಿ ಮಲ್ಲಮ್ಮ ಕೆಂಚಿಯ ಹೊಟ್ಟೆಯನ್ನು ಸುಧಾರಿಸಿದಳು. ಆಮೇಲೆ ನನ್ನ ಬಾಯಿಂದ ಪಟ್ಟಿಯನ್ನು ಎರಡು ಸಲ ಓದಿಸಿಕೊಂಡು, ಅದನ್ನು ತನ್ನ ಬೊಗಸೆಯ ಅಳತೆಗೆ ತಂದುಕೊಂಡಳು. ದಿನಕ್ಕೆ ಇಷ್ಟು ಹಿಂಡಿ, ಇಷ್ಟು ತೊಗರಿ ಹೊಟ್ಟು. ಸಗಣಿ ಗಟ್ಟಿಯಾದರೆ ಸ್ವಲ್ಪ ಏರಿಸುವಳು, ತೆಳುವಾದರೆ ಇಳಿಸುವಳು. ಹಗೇವಿನ ಮೇವನ್ನು ಅವಳು ಬಿಡಲಿಲ್ಲ. ಮೇವಿನದೇನು ತಪ್ಪು ಎಂದಳು. ಹಾಲು ಮೆಲ್ಲಗೆ ಏರಿತು. ಮೊದಲಿನಷ್ಟಕ್ಕೆ ಆ ಸಲ ಬರಲೇ ಇಲ್ಲ, ಆದರೆ ಕೂಸಿಗೂ ಕರುವಿಗೂ ಸಾಲುವಷ್ಟಾಯಿತು. ಯುಗಾದಿಯ ಹಿಂದಿನ ದಿನ ಅವಳು ಒಂದು ತಂಬಿಗೆ ಹಾಲು ತಂದು ನೀಲಮ್ಮನ ಕೈಗೆ ಕೊಟ್ಟು ಹೋದಳು. ಆ ದಿನದ ಚಹಾ ಕುಡಿಯುವಾಗ ಯಾಕೋ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಬಿಸಿ ಹೆಚ್ಚಾಯಿತು ಎಂದೆ.

ಇಷ್ಟಾದರೂ ಒಂದು ಭಾರ ಉಳಿದಿತ್ತು. ನನ್ನ ಆ ವಾಕ್ಯ ತಾಲೂಕಿನ ಬೇರೆ ಚಾವಡಿಗಳಿಗೂ ಹೋಗಿತ್ತಲ್ಲ. ಎಷ್ಟು ಕೊಟ್ಟಿಗೆಗಳಲ್ಲಿ ಎಷ್ಟು ಆಕಳುಗಳು ಸೊರಗಿವೆಯೋ, ಎಷ್ಟು ಕೂಸುಗಳು ಅಳುತ್ತಿವೆಯೋ ಎಂದು ಅನ್ನ ಇಳಿಯದಾಯಿತು. ತಹಶೀಲ್ದಾರರ ಮುಂದೆ ತಪ್ಪೊಪ್ಪಿಕೊಂಡೆ. ಅವರು, ಹೋಗಿ ಸರಿಪಡಿಸಿ ಬನ್ನಿ ಎಂದರು. ತಿದ್ದಿದ ಕಾಗದದ ಪ್ರತಿಗಳನ್ನು ಹಿಡಿದು ಊರೂರು ತಿರುಗಿದೆ. ಮೊದಲ ಊರಿನ ಪಟೇಲರು ಬಹಳ ಮರ್ಯಾದೆಯಿಂದ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಕೈಮುಗಿದು, ಹಿಂದಿನ ಕಾಗದದಲ್ಲಿ ನನ್ನಿಂದ ಘೋರ ತಪ್ಪಾಗಿದೆ, ನಿಮ್ಮ ದನಗಳು ಹೇಗಿವೆ ಎಂದು ಕೇಳಿದೆ.

“ದನ ಚಲೋ ಅದಾವರಿ” ಎಂದರು ಪಟೇಲರು. “ಯಾವ ಕಾಗದರಿ ಅದು?”

ಅಲ್ಲಿ ಯಾರೂ ಗುಂಡಿ ತೋಡಿರಲಿಲ್ಲ. ಮುಂದಿನ ಊರಲ್ಲಿ ಒಂದು ತೋಡಿದ್ದರು. ಅದರಲ್ಲಿ ಗೊಬ್ಬರ ತುಂಬಿತ್ತು. ಅದರಾಚೆಯ ಊರಲ್ಲಿ ಕಾಗದವನ್ನು ಓದಿದ್ದಾರೆ, ಕೇಳಿದ್ದಾರೆ, ಸರಕಾರದ ಮಾತು ಸರಕಾರಕ್ಕೆ ಎಂದು ಎದ್ದು ಹೋಗಿ ಎಂದಿನಂತೆ ಹಿಂಡಿ ನೆನೆಹಾಕಿದ್ದಾರೆ. ಹೀಗೆ ಹದಿನೈದು ದಿನ ತಿರುಗಿದೆ. ನನ್ನ ಮಾತು ನಂಬಿ ಕೆಟ್ಟ ಆಕಳು ಆ ತಾಲೂಕಿನಲ್ಲಿ ಕೆಂಚಿ ಒಂದೇ ಎಂಬುದು ಖಚಿತವಾಯಿತು. ದೇವರ ದಯೆ, ಎಲ್ಲ ದನಗಳೂ ಕ್ಷೇಮ ಎಂದು ನೀಲಮ್ಮ ಕೈಮುಗಿದಳು. ನಾನೂ ಮುಗಿದೆ. ಆದರೆ ಅಷ್ಟು ಕಷ್ಟಪಟ್ಟು ಬರೆದದ್ದನ್ನು ಇನ್ನೊಬ್ಬನಾದರೂ ಪಾಲಿಸಬಾರದಿತ್ತೇ ಎಂಬ ಸಿಟ್ಟಿನಲ್ಲಿ ಆ ರಾತ್ರಿ ನಾನು ಊಟ ಮಾಡಲಿಲ್ಲ.